ಸಮುದ್ರಬಲ: ಅರ್ಧ ಓದಿದ ಒಂದು ಗ್ರಂಥ

ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಬಹುಕಾಲ ಹುಡುಗರಿಗೆ ಪಾಠ ಹೇಳಿ, ಈಗ ವಿಶ್ರಾಂತಿ ಪಡೆದಿರುವ ನನ್ನಂಥವನು ನೌಕಾಯುದ್ಧದ ಗ್ರಂಥವೊಂದನ್ನು ವಿಮರ್ಶಿಸಲು ಹೊರಟಿರುವುದು ವಾಚಕ ಮಹಾಶಯರಿಗೆ ವಿಚಿತ್ರವಾಗಿ ತೋರಬಹುದು. ಕಾರಣವಿಷ್ಟೆ. ಮೊನ್ನೆ ನನ್ನ ಮೊಮ್ಮಗನು ಚರಿತ್ರೆಯ ಪುಸ್ತಕವನ್ನು ಹಿಡಿದು ಬಂದು, “ತಾತ, ಮೊದಲ ಪೆಟ್ಟನ್ನು ಅಷ್ಟು ಚೆನ್ನಾಗಿ ಹೊಡೆದ ಜಪಾನು ಕಡೆಗೆ ಸೋತದ್ದೇಕೆ?” ಎಂದು ಕೇಳಿದನು. “ಅಮೆರಿಕ ಸಿರಿವಂತ ದೇಶ, ಅದಕ್ಕೇ ಗೆದ್ದಿತು” ಎಂದುಬಿಟ್ಟೆನು. ಹುಡುಗನು ತಲೆಯಾಡಿಸಿ ಹೋದನು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ತರಗತಿಯಲ್ಲಿಯೂ ನಾನು ಇಂತಹ ಒಂದು ಸಾಲಿನ ಉತ್ತರಗಳನ್ನೇ ಬರೆಯಿಸಿದವನಲ್ಲವೆ? ಈ ಅಸಮಾಧಾನವೇ ನನ್ನನ್ನು ಆಲ್ಫ್ರೆಡ್ ಥೇಯರ್ ಮಹಾನ್ ಎಂಬ ಅಮೆರಿಕದ ನೌಕಾಧಿಕಾರಿಯ ಗ್ರಂಥದ ಕಡೆಗೆ ತಿರುಗಿಸಿತು. ‘ಇತಿಹಾಸದ ಮೇಲೆ ಸಮುದ್ರಬಲದ ಪ್ರಭಾವ’ ಎಂಬ ಆ ಗ್ರಂಥವು ೧೮೯೦ರಲ್ಲಿ ಪ್ರಕಟವಾಯಿತು.

ಗ್ರಂಥಕರ್ತನು (೧೮೪೦–೧೯೧೪) ಪೆರು ದೇಶದ ಲಿಮಾ ನಗರದ ಗ್ರಂಥಾಲಯವೊಂದರಲ್ಲಿ ರೋಮಿನ ಇತಿಹಾಸವನ್ನು ಓದುತ್ತಿದ್ದಾಗ, ಸಮುದ್ರವು ಹ್ಯಾನಿಬಾಲನ ವಶದಲ್ಲಿದ್ದಿದ್ದರೆ ಕಥೆಯು ಹೇಗೆ ತಿರುಗುತ್ತಿತ್ತೆಂಬ ಪ್ರಶ್ನೆಯು ಆತನಿಗೆ ಹೊಳೆಯಿತಂತೆ. ಆ ಬೀಜವೇ ಈ ವೃಕ್ಷವಾಯಿತು. ೧೬೬೦ರಿಂದ ೧೭೮೩ರವರೆಗಿನ ನೌಕಾಯುದ್ಧಗಳು ಇದರ ವಸ್ತು. ಮೊದಲ ಅಧ್ಯಾಯದಲ್ಲಿ ಸಮುದ್ರಬಲದ ಆರು ಅಂಗಗಳನ್ನು ಎಣಿಸಿರುವನು: ದೇಶದ ನೆಲೆ, ಕರಾವಳಿಯ ಸ್ವರೂಪ, ವಿಸ್ತಾರ, ಜನಸಂಖ್ಯೆ, ಜನರ ಸ್ವಭಾವ, ಸರ್ಕಾರದ ಸ್ವಭಾವ. ಯುದ್ಧನೌಕೆಯು ವರ್ತಕ ಹಡಗಿನ ರಕ್ಷಣೆಗಾಗಿ ಹುಟ್ಟಿದ್ದು. ವ್ಯಾಪಾರ, ಹಡಗು, ರೇವು ಇವು ಮೂರೂ ಕೂಡಿದರೇ ಬಲ ಎಂಬುದು ಆತನ ಮೂಲಸಿದ್ಧಾಂತ. ಕೌಟಿಲ್ಯನು ರಾಜ್ಯಾಂಗಗಳನ್ನು ತೂಗುವಾಗ ದಂಡಕ್ಕಿಂತ ಕೋಶವನ್ನು ಮೇಲಿಟ್ಟುದನ್ನು ಬಲ್ಲವರಿಗೆ ಈ ಮಾತು ಹೊಸದೆನಿಸದು.

ನಮ್ಮ ನಾಡಿನವರಿಗೆ ಆಪ್ತವಾದ ಅಧ್ಯಾಯವೊಂದು ಇದರಲ್ಲುಂಟು. ಫ್ರೆಂಚ್ ನೌಕಾಪತಿ ಸುಫ್ರೆನನು ೧೭೮೨–೮೩ರಲ್ಲಿ ನಮ್ಮ ಪೂರ್ವಸಮುದ್ರದಲ್ಲಿ ಇಂಗ್ಲಿಷರ ಹ್ಯೂಸನೊಡನೆ ಐದು ಸಲ ಕಾದಿದನು. ೧೭೮೨ರಲ್ಲಿ ಕಡಲೂರಿನ ಬಳಿ ಹೈದರಾಲಿಯನ್ನು ಕಂಡು ಮಾತನಾಡಿದನು. ಸಾಹಸದಲ್ಲಿ ಅವನೇ ಮೇಲು. ಆದರೆ ಹ್ಯೂಸನಿಗೆ ಹಡಗು ರಿಪೇರಿಗೆ ಮುಂಬಯಿಯಿತ್ತು. ಸುಫ್ರೆನನಿಗೆ ಟ್ರಿಂಕೋಮಲಿಯನ್ನು ಗೆದ್ದುಕೊಳ್ಳುವವರೆಗೆ ಸರಿಯಾದ ಒಂದು ರೇವೂ ಇರಲಿಲ್ಲ. ಐದು ಯುದ್ಧಗಳಲ್ಲಿ ಒಂದೂ ನಿರ್ಣಾಯಕವಾಗಲಿಲ್ಲ. ದೀರ್ಘಯುದ್ಧದಲ್ಲಿ ಕದನದ ದಿನಕ್ಕಿಂತ ಕದನದ ಮರುದಿನವೇ ಮುಖ್ಯವೆಂಬುದು ಈ ಅಧ್ಯಾಯದ ಸಾರ.

ಈ ಗ್ರಂಥವು ೧೮೯೬ರಲ್ಲಿಯೇ ಜಪಾನೀ ಭಾಷೆಗೆ ಅನುವಾದವಾಯಿತು. ಅಲ್ಲಿಯ ನೌಕಾಧಿಕಾರಿಗಳು ಇದನ್ನು ಭಕ್ತಿಯಿಂದ ಓದಿದರು; ಆದರೆ ಅರ್ಧವನ್ನು ಮಾತ್ರ. ಒಂದೇ ಮಹಾಕದನದಲ್ಲಿ ಶತ್ರುವಿನ ನೌಕಾಬಲವನ್ನು ಮುರಿದರೆ ಯುದ್ಧವು ಮುಗಿಯಿತೆಂಬ ಭಾಗವು ಅವರಿಗೆ ಹಿಡಿಸಿತು. ೧೯೦೫ರಲ್ಲಿ ಸುಶಿಮಾದಲ್ಲಿ ರಷ್ಯದ ನೌಕಾಬಲವನ್ನು ನಾಶಮಾಡಿದ ಮೇಲಂತೂ ಅದು ಅವರಿಗೆ ವೇದವಾಕ್ಯವಾಯಿತು. ೧೯೪೧ರ ಡಿಸೆಂಬರ್ ೭ರಂದು ಪರ್ಲ್ ಹಾರ್ಬರಿನಲ್ಲಿ ಯುದ್ಧನೌಕೆಗಳನ್ನು ಮುಳುಗಿಸಿದರು. ಪಕ್ಕದಲ್ಲಿದ್ದ ತೈಲದ ತೊಟ್ಟಿಗಳನ್ನೂ ರಿಪೇರಿಯ ಕಾರ್ಖಾನೆಗಳನ್ನೂ ಹಾಗೆಯೇ ಬಿಟ್ಟರು. ಗ್ರಂಥದ ಮೊದಲ ಅಧ್ಯಾಯವನ್ನು ಓದದವರ ಕೆಲಸವಿದು!

ಜಪಾನು ಯುದ್ಧಕ್ಕಿಳಿದುದಕ್ಕೆ ತೈಲವು ಒಂದು ಮುಖ್ಯ ಕಾರಣ. ಸುಮಾತ್ರ, ಬೋರ್ನಿಯೊಗಳ ತೈಲಬಾವಿಗಳನ್ನು ೧೯೪೨ರ ಆದಿಯಲ್ಲಿಯೇ ಗೆದ್ದುಕೊಂಡಿತು. ಆದರೆ ಬಾವಿಯನ್ನು ಗೆದ್ದರೆ ಸಾಲದು, ನೀರನ್ನು ಮನೆಗೆ ತರುವ ಕೊಡವೂ ಬೇಕಷ್ಟೆ. ಆರಂಭದಲ್ಲಿ ಜಪಾನಿಗೆ ಸುಮಾರು ೬೦ ಲಕ್ಷ ಟನ್ನಿನ ವರ್ತಕ ಹಡಗುಗಳಿದ್ದುವು. ಅವನ್ನು ಕಾಯುವುದು ವೀರರ ಕೆಲಸವಲ್ಲವೆಂದು ಭಾವಿಸಿ, ಬೆಂಗಾವಲಿಗೆಂದು ಪ್ರತ್ಯೇಕವಾದ ದೊಡ್ಡ ಅಧಿಕಾರಸ್ಥಾನವನ್ನು ೧೯೪೩ರ ನವೆಂಬರಿನವರೆಗೂ ಏರ್ಪಡಿಸಲಿಲ್ಲ. ಮುಳುಗಿದ ಜಪಾನೀ ವರ್ತಕ ಹಡಗುಗಳಲ್ಲಿ ತೂಕದ ಲೆಕ್ಕಕ್ಕೆ ಅರ್ಧಕ್ಕಿಂತ ಹೆಚ್ಚನ್ನು ಮುಳುಗಿಸಿದುವು ಅಮೆರಿಕದ ಜಲಾಂತರ್ಗಾಮಿಗಳು. ಅವುಗಳಲ್ಲಿದ್ದವರಾದರೋ ಅಮೆರಿಕದ ನೌಕಾಸಿಬ್ಬಂದಿಯಲ್ಲಿ ನೂರಕ್ಕೆ ಇಬ್ಬರೂ ಇಲ್ಲ.

ಇಲ್ಲಿ ಗ್ರಂಥಕರ್ತನ ದೋಷವನ್ನೂ ಹೇಳತಕ್ಕದ್ದು. ಶತ್ರುವಿನ ವ್ಯಾಪಾರವನ್ನು ಅಲ್ಲಲ್ಲಿ ಕೊಳ್ಳೆಹೊಡೆಯುವುದರಿಂದಲೇ ಯುದ್ಧವನ್ನು ಗೆಲ್ಲಬಹುದೆಂಬುದು ಭ್ರಮೆಯೆಂದು ಆತನು ವಾದಿಸಿರುವನು. ಜಲಾಂತರ್ಗಾಮಿಯ ಶಕ್ತಿಯನ್ನು ಆ ಕಾಲದಲ್ಲಿ ಆತನು ಊಹಿಸಲಾರದವನಾಗಿದ್ದನು. ಆದರೂ ಆತನ ಮಾತು ಪೂರ್ತಿ ಸುಳ್ಳಾಗಲಿಲ್ಲ. ಅದೇ ಆಯುಧವು ಅಟ್ಲಾಂಟಿಕಿನಲ್ಲಿ ಜರ್ಮನಿಗೆ ಜಯವನ್ನು ಕೊಡಲಿಲ್ಲ. ಏಕೆಂದರೆ ಅಲ್ಲಿ ಬೆಂಗಾವಲಿತ್ತು, ಮುಳುಗಿದುದಕ್ಕಿಂತ ಹೆಚ್ಚು ಹಡಗುಗಳನ್ನು ಕಟ್ಟುವ ಕಾರ್ಖಾನೆಗಳಿದ್ದುವು. ಪೆಸಿಫಿಕ್ ಸಾಗರದಲ್ಲಿ ಜಲಾಂತರ್ಗಾಮಿಯ ಹಿಂದೆ ದ್ವೀಪದಿಂದ ದ್ವೀಪಕ್ಕೆ ಮುಂದುವರಿಯುವ ನೌಕಾಬಲವಿತ್ತು.

ಹಾಗಾದರೆ ಸಿರಿವಂತಿಕೆಯೇ ಜಯಕ್ಕೆ ಕಾರಣವೆ? ಅದೂ ಅರ್ಧಸತ್ಯ. ೧೯೪೨ರ ಜೂನಿನಲ್ಲಿ ಮಿಡ್‌ವೇಯಲ್ಲಿ ಜಪಾನು ನಾಲ್ಕು ವಿಮಾನವಾಹಕ ನೌಕೆಗಳನ್ನು ಕಳೆದುಕೊಂಡಿತು, ಅಮೆರಿಕವು ಒಂದನ್ನು. ಬಳಿಕ ಯುದ್ಧವು ಮುಗಿಯುವುದರೊಳಗೆ ಎಸೆಕ್ಸ್ ಎಂಬ ಒಂದೇ ವರ್ಗದ ೧೭ ವಿಮಾನವಾಹಕಗಳನ್ನು ಅಮೆರಿಕವು ನೀರಿಗಿಳಿಸಿ ಸೇವೆಗೆ ಸೇರಿಸಿತು. ಇದು ಸಿರಿಯ ಮಾತು, ನಿಜ. ಆದರೆ ನುರಿತ ವೈಮಾನಿಕರನ್ನು ರಣರಂಗದಿಂದ ಹಿಂದಕ್ಕೆ ಕರೆಸಿ ಹೊಸಬರಿಗೆ ಉಪಾಧ್ಯಾಯರನ್ನಾಗಿ ಮಾಡಿದುದು ಸಿರಿಯಲ್ಲ, ವಿವೇಕ. ಜಪಾನು ತನ್ನ ಶ್ರೇಷ್ಠರನ್ನು ಸಾಯುವವರೆಗೆ ಮುಂದೆಯೇ ಇರಿಸಿತು; ಅವರ ವಿದ್ಯೆಯು ಅವರೊಡನೆಯೇ ಮುಳುಗಿತು. ಉಪಾಧ್ಯಾಯನಾಗಿದ್ದ ನನಗೆ ಈ ಸಂಗತಿಯು ಮನಸ್ಸಿಗೆ ನಾಟಿತು.

ಇನ್ನೊಂದು ಸಂಗತಿ. ಅಮೆರಿಕದ ಟಾರ್ಪಿಡೊಗಳು ಮೊದಲು ಬಹಳ ದೋಷಯುಕ್ತವಾಗಿದ್ದುವು. ಗುರಿಗೆ ಬಡಿದರೂ ಸಿಡಿಯುತ್ತಿರಲಿಲ್ಲ. ತಯಾರಿಸಿದವರು ಒಪ್ಪದಿದ್ದರೂ ನಾವಿಕರು ಪರೀಕ್ಷೆಮಾಡಿ ತೋರಿಸಿ, ೧೯೪೩ರಲ್ಲಿ ದೋಷವನ್ನು ತಿದ್ದಿಸಿದರು. ಜಪಾನಿನ ನೌಕಾಡಳಿತವಾದರೋ ಮಿಡ್‌ವೇಯ ನಷ್ಟವನ್ನು ತನ್ನ ಪ್ರಜೆಗಳಿಂದಲೇ ಮುಚ್ಚಿಟ್ಟು, ಗಾಯಾಳುಗಳನ್ನು ಯಾರ ಕಣ್ಣಿಗೂ ಬೀಳದಂತೆ ಇರಿಸಿತು. ತಪ್ಪನ್ನು ಹೇಳಿಸಿಕೊಳ್ಳಲಾರದವನು ಅದನ್ನು ತಿದ್ದುವುದು ಹೇಗೆ?

ಸರ್ಕಾರದ ಸ್ವಭಾವವೆಂದು ಗ್ರಂಥಕರ್ತನು ಆರನೆಯದಾಗಿ ಎಣಿಸಿದ ಅಂಗದ ಅರ್ಥವು ನನಗೆ ಇಲ್ಲಿ ತಿಳಿಯಿತು. ಆತನು ಕೊಟ್ಟ ಸ್ಥಾನ ಸಾಲದು. ಮೊದಲಿನ ಐದು ಅಂಗಗಳನ್ನೂ ಉಳಿಸುವುದು, ಕೆಡಿಸುವುದು ಅದೇ. ನೆಲೆಗೂ ವಿಸ್ತಾರಕ್ಕೂ ಹೆಚ್ಚು ಬೆಲೆಕಟ್ಟಿದುದು ಗ್ರಂಥದ ಕುಂದು. ಹಡಗಿನ ಹಿಂದಿರುವ ರೇವನ್ನು, ರೇವಿನ ಹಿಂದಿರುವ ಜನವನ್ನು ಕಾಣಿಸಿದುದು ಅದರ ಹಿರಿಮೆ. ಓದುವವರು ಕದನಗಳ ವರ್ಣನೆಗಿಂತ ಮೊದಲ ಅಧ್ಯಾಯವನ್ನು ಎರಡು ಸಲ ಓದಲಿ ಎಂಬುದು ನನ್ನ ಬಿನ್ನಹ.

ಮೊಮ್ಮಗನನ್ನು ಮತ್ತೆ ಕರೆದು, “ಮೊನ್ನೆ ನಾನು ಹೇಳಿದ್ದು ಪೂರ್ತಿ ಸರಿಯಲ್ಲಪ್ಪ, ಕುಳಿತುಕೋ” ಎಂದೆನು. ಅವನಿಗೆ ಆಶ್ಚರ್ಯವಾಯಿತು, ಆದರೂ ಕುಳಿತು ಕೇಳಿದನು.