ನಗರದ ಬಾವಿಯ ಕಬ್ಬಿಣ

ಎರಡನೇ ಮಹಾಯುದ್ಧದ ಕೊನೆಗೆ ಜರ್ಮನರು ನೆಲಬಾಂಬಿನ ಕವಚವನ್ನು ಗಾಜಿನಲ್ಲಿ ಮಾಡಿದರು, ಲೋಹಶೋಧಕಕ್ಕೆ ಸುಳಿವು ಸಿಗದಿರಲೆಂದು. ಮದ್ದು ತೆಗೆದ ಆ ಗಾಜು, ಅದರ ಫ್ಯೂಸು ಈಗ ಸಂಗ್ರಾಹಕರ ಕಪಾಟಿನಲ್ಲಿವೆ. ಹಳಿಯಾಳದ ನಮಗೆ ಅಂಥ ಬೆರಗು ಬೇಕಿದ್ದರೆ ಶಿವಮೊಗ್ಗದ ದಾರಿ ಹಿಡಿಯಬೇಕು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹಾಳುಬಾವಿಯೊಂದರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು. ಬಾವಿಯ ಮಣ್ಣು ಆಗಲೂ ಮದ್ದಿನ ವಾಸನೆ ಹೊಡೆಯುತ್ತಿತ್ತು.

ನನ್ನನ್ನು ಹಿಡಿದು ನಿಲ್ಲಿಸುವುದು ಆ ರಾಕೆಟ್ಟಿನ ಕೊಳವೆ. ಬಡಿದು ಹದಮಾಡಿದ ಕಬ್ಬಿಣ; ಒಂದು ತುದಿ ಮುಚ್ಚಿದೆ, ಇನ್ನೊಂದರಲ್ಲಿ ಬೆಂಕಿ ಚಿಮ್ಮಲು ಕಿಂಡಿ. ಉದ್ದ ಸುಮಾರು ಒಂದಡಿ. ಕಾಗದದ ಕೊಳವೆಯಾದರೆ ಮದ್ದಿನ ಒತ್ತಡಕ್ಕೆ ಒಡೆದೇಹೋಗುತ್ತಿತ್ತು. ಕಬ್ಬಿಣ ತಡೆದುಕೊಂಡಿತು, ಅದಕ್ಕೇ ರಾಕೆಟ್ಟು ಹೆಚ್ಚು ದೂರ ಹಾರಿತು. ದಾರಿ ತಪ್ಪದಿರಲು ಕೊಳವೆಗೆ ಉದ್ದನೆಯ ಬಿದಿರನ್ನು ಬಿಗಿಯುತ್ತಿದ್ದರು. ಸುಲ್ತಾನನನ್ನು ಹೊಗಳುವವರು ಕುಲುಮೆಯ ಕಮ್ಮಾರನನ್ನೂ ಅಷ್ಟೇ ಹೊಗಳಬೇಕು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಥವು ಇಂಗ್ಲೆಂಡಿನ ವೂಲಿಚ್ ಶಸ್ತ್ರಾಗಾರ ಸೇರಿದವು. ಕಾಂಗ್ರಿವ್ ಎಂಬ ಇಂಗ್ಲಿಷ್ ತಂತ್ರಜ್ಞ ತನ್ನ ರಾಕೆಟ್ಟುಗಳಿಗೆ ಇವನ್ನೇ ಮಾದರಿ ಮಾಡಿಕೊಂಡ. ಶ್ರೀರಂಗಪಟ್ಟಣದ ಆ ಯುದ್ಧದಲ್ಲಿ ಇಂಗ್ಲಿಷರ ಪರ ಕಾದಿದ ಕರ್ನಲ್ ವೆಲ್ಲೆಸ್ಲಿಯ ಪತ್ರಗಳಲ್ಲಿ ನಮ್ಮ ಹಳಿಯಾಳವೂ ಗಡಿಠಾಣೆಯಾಗಿ ಬರುತ್ತದೆ.

ನಗರದ ರಾಕೆಟ್ಟುಗಳು ಈಗ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿವೆ. ಯಾರೂ ಅವುಗಳ ತುಕ್ಕು ಉಜ್ಜಿ ಹೊಳಪು ಕೊಡದಿರಲಿ.