ಹಸಿರು ಮೀಟರಿನ ಮೇಲಿನ ನಂಬಿಕೆ

ಮೀಟರ್ ಹಸಿರಿನಲ್ಲಿ ಆದಷ್ಟು ಮೇಲೆ ಆಡಲಿ, ಕೆಂಪು ಮುಟ್ಟದಿರಲಿ: ಧ್ವನಿಮುದ್ರಣ ಕಲಿಯುವವರಿಗೆ ಸಿಗುವ ಮೊದಲ ಪಾಠ ಇದು. ಹಾಡು ಮುದ್ರಿಸುವವರಿಗೆ ಇದಕ್ಕಿಂತ ಒಳ್ಳೆಯ ಬುದ್ಧಿಮಾತಿಲ್ಲ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಅದೇ ಆಡಿಯೊ ಇಂಟರ್‌ಫೇಸನ್ನು ಶಬ್ದದ ಅಳತೆಗೆ ಹೂಡಿದಾಗಲೂ ಇದನ್ನೇ ಒಪ್ಪಿಸುವವರ ಜೊತೆ ನನ್ನ ತಕರಾರು.

ದೊಡ್ಡಬಳ್ಳಾಪುರವನ್ನೇ ತೆಗೆದುಕೊಳ್ಳಿ. ಮನೆಗೆ ಅಂಟಿಕೊಂಡೇ ವಿದ್ಯುತ್ ಮಗ್ಗ ಓಡುವ ಊರು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎನ್ನುತ್ತವೆ; ಕೈಗಾರಿಕಾ ಪ್ರದೇಶಕ್ಕೆ 75 ಮತ್ತು 70. ಮನೆಗೂ ಮಗ್ಗಕ್ಕೂ ಒಂದೇ ಗೋಡೆಯಿರುವಲ್ಲಿ ಯಾವ ಅಂಕಿ ಹಿಡಿಯಬೇಕೆಂಬುದು ಬೇರೆಯೇ ಜಗಳ. ಕಾರ್ಖಾನೆ ನಿಯಮಗಳಲ್ಲಿ 90 ಡೆಸಿಬಲ್‌ಗೆ 8 ಗಂಟೆ, 95ಕ್ಕೆ 4 ಗಂಟೆ. (ಮನೆಮಗ್ಗಗಳಲ್ಲಿ ಎಷ್ಟು ಆ ನಿಯಮಗಳೊಳಗೆ ಬರುತ್ತವೆ ಎಂದು ಮಾತ್ರ ಕೇಳಬೇಡಿ.) ಅಳತೆ 5 ಡೆಸಿಬಲ್ ತಪ್ಪಿತೋ, ಕಾಗದದ ಮೇಲೆ ನೇಕಾರರ ಪಾಳಿಯೇ ಅರ್ಧವೋ ದುಪ್ಪಟ್ಟೋ ಆಗುತ್ತದೆ.

ಪರದೆಯ ಮೇಲೆ ಮೀಟರ್ ತೋರಿಸುವ −20 ಎಂಬುದು ಗಾಳಿಯಲ್ಲಿನ ಶಬ್ದದ ಬಗ್ಗೆ ಏನನ್ನೂ ಹೇಳುವುದಿಲ್ಲ. ಇಂಟರ್‌ಫೇಸಿನ ಗರಿಷ್ಠ ಮಟ್ಟಕ್ಕಿಂತ ಎಷ್ಟು ಕೆಳಗಿದ್ದೇವೆ ಎನ್ನುತ್ತದೆ, ಅಷ್ಟೇ. ಎರಡನ್ನೂ ಬೆಸೆಯುವುದು ಮೈಕಿಗೆ ಗೊತ್ತಾದ ಶಬ್ದ ಕೊಡುವ ಕ್ಯಾಲಿಬ್ರೇಟರ್: 1000 ಹರ್ಟ್ಸ್, 94 ಡೆಸಿಬಲ್, ಅಂದರೆ 1 ಪ್ಯಾಸ್ಕಲ್ ಒತ್ತಡ. ಆ ಆವರ್ತನದಲ್ಲಿ, ಕಿವಿಗೆ ತಕ್ಕಂತೆ ಆವರ್ತನಗಳನ್ನು ತೂಗುವ ಎ-ವೇಟಿಂಗ್ ಏನನ್ನೂ ಕೂಡಿಸುವುದಿಲ್ಲ, ಕಳೆಯುವುದಿಲ್ಲ. ಆಗ ಪರದೆ −26 ತೋರಿಸಿದರೆ ಅಂತರ 120. ಮಗ್ಗದ ಮುಂದೆ −24 ಬಂದರೆ 96 ಡೆಸಿಬಲ್. ಮಟ್ಟ ಎಷ್ಟು ಎತ್ತರದಲ್ಲಿದೆ ಎಂಬುದಲ್ಲ ಇಲ್ಲಿನ ಪ್ರಶ್ನೆ. ಆ 120 ಅಲುಗದಿರಬೇಕು. ಗೇನ್ ನಾಬನ್ನು ಕೂದಲೆಳೆಯಷ್ಟು ತಿರುಗಿಸಿದರೂ, ಕಂಪ್ಯೂಟರಿನ ವಾಲ್ಯೂಮ್ ತಾನಾಗಿ ಹೊಂದಿಕೊಂಡರೂ ಅದು ಹೋಯಿತು.

ಈಗ ಹಸಿರಿನ ಭಕ್ತರು 94ನ್ನು ‘ಚೆನ್ನಾಗಿ ಮೇಲೆ’, −12ಕ್ಕೆ ಕೂರಿಸುತ್ತಾರೆ ಎಂದುಕೊಳ್ಳೋಣ. ಅಂತರ 106. ಪೂರ್ಣಮಟ್ಟದ ಸೈನ್ ಅಲೆಯನ್ನು ಸೊನ್ನೆ ಎಂದೆಣಿಸುವ ತಂತ್ರಾಂಶದಲ್ಲಿ (ಆ ಅಲೆಯ ತುದಿ ಅದರ ಸರಾಸರಿಗಿಂತ 3 ಮೇಲೆ), 109ಕ್ಕಿಂತ ಎತ್ತರದ ಯಾವ ಕ್ಷಣಿಕ ಏರಿಗೂ ಜಾಗವಿಲ್ಲ. ಮಗ್ಗ ಸೈನ್ ಅಲೆಯಲ್ಲವಲ್ಲ! ಲಾಳಿ ಆ ತುದಿಗೆ ಬಡಿಯುತ್ತದೆ, ಈ ತುದಿಗೆ ಬಡಿಯುತ್ತದೆ. ಸರಾಸರಿ 96 ಇದ್ದು, ಬಡಿತದ ಏರು ಅದಕ್ಕಿಂತ 18 ಹೆಚ್ಚಿದ್ದರೆ 114. ಮೇಲಿನ 5 ಡೆಸಿಬಲ್ ಕತ್ತರಿಸಿಹೋಗುತ್ತದೆ. ಸರಾಸರಿ ತೋರಿಸುವ ಮೀಟರ್ ಮಾತ್ರ −10ರ ಆಸುಪಾಸಿನಲ್ಲಿ ಹಸಿರಾಗಿಯೇ ಇರುತ್ತದೆ. ಹಾಡಿನಲ್ಲಾದರೆ ಕಿವಿ ಇದನ್ನು ಹಿಡಿಯುತ್ತಿತ್ತು. ಮಗ್ಗದ ಗದ್ದಲದಲ್ಲಿ ಯಾರು ಹಿಡಿಯಬೇಕು?

ಇನ್ನೊಂದು ತಂತ್ರಾಂಶ ಅದೇ ಪೂರ್ಣ ಅಲೆಗೆ −3.01 ಕೊಡುತ್ತದೆ. ಒಂದರಲ್ಲೇ ಹೊಂದಿಸಿ ಅದರಲ್ಲೇ ಅಳೆದರೆ ನಷ್ಟವಿಲ್ಲ. ಒಂದರ 120ನ್ನು ಇನ್ನೊಂದಕ್ಕೆ ಒಯ್ದರೆ 3 ಡೆಸಿಬಲ್ ತಪ್ಪೂ ಜೊತೆಗೆ ಬರುತ್ತದೆ.

ಮಟ್ಟ ತಗ್ಗಿಸಿದರೆ ಸಿಗ್ನಲ್ ಉಪಕರಣದ ಸ್ವಂತ ಗದ್ದಲದಲ್ಲಿ ಮುಳುಗುತ್ತದಲ್ಲ ಎನ್ನುತ್ತಾರೆ. 16 ಬಿಟ್ ಕಾಲದ ಆ ಭಯ 24 ಬಿಟ್ ಇಂಟರ್‌ಫೇಸಿನ ಮುಂದೆ, ಅದೂ ಮಗ್ಗದ ಶೆಡ್ಡಿನಲ್ಲಿ, ನಿಲ್ಲುವುದಿಲ್ಲ. ರಾತ್ರಿ ಪಕ್ಕದ ಮನೆಯ ಜಗಲಿಯಲ್ಲಿ 45 ಅಳೆಯುವಾಗ ಮಾತ್ರ ಆಕ್ಷೇಪಕ್ಕೆ ತೂಕವಿದೆ. ಆಗ ಗೇನ್ ಏರಿಸಿ, ಕ್ಯಾಲಿಬ್ರೇಟರ್ ಮತ್ತೆ ಹಾಕಿ, ಹೊಸ ಅಂತರ ಬರೆದುಕೊಳ್ಳಬೇಕು.

ಕ್ಯಾಲಿಬ್ರೇಟರ್ ಇಲ್ಲದವರು ಮೈಕಿನ ಸಂವೇದನೆಯನ್ನು ತಯಾರಕರ ವಿವರಪಟ್ಟಿಯಿಂದ ಪಡೆದು, ಇಂಟರ್‌ಫೇಸಿನ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ನೋಡುತ್ತಾರೆ. ಅದೂ ನಡೆಯುತ್ತದೆ, 60 ಹರ್ಟ್ಸಿನ ಸ್ವರ ಬಳಸಿದರೆ. ಅಗ್ಗದ ಮೀಟರುಗಳು ಮನೆಯ ಕರೆಂಟಿಗೆಂದು ಮಾಡಿದವು, 1000ದಲ್ಲಿ ಹಲವು ತಪ್ಪುತ್ತವೆ; 50ರಲ್ಲಿ ಕರೆಂಟಿನ ಗುಂಯ್‌ಕಾರವೇ ಬೆರೆಯುತ್ತದೆ. ಆದರೆ ಅಗ್ಗದ ಮೈಕ್ ಕ್ಯಾಪ್ಸೂಲಿನ ವಿವರಪಟ್ಟಿ ತಾನೇ 3 ಡೆಸಿಬಲ್ ಆಚೀಚೆ ಇರಬಹುದು.

ಕೆಲಸದ ಸ್ಥಳದ ಶಬ್ದ ಅಳೆಯುವ ಐಎಸ್‌ಒ 9612 ಮಾನಕ, ಮೀಟರ್ ಹಸಿರಿತ್ತೇ ಎಂದು ಕೇಳುವುದಿಲ್ಲ. ಅಳತೆಗೆ ಮುಂಚೆಯೂ ಆಮೇಲೂ ಕ್ಯಾಲಿಬ್ರೇಟರ್ ಹಾಕಿಸುತ್ತದೆ. ಎರಡರ ನಡುವೆ 0.5 ಡೆಸಿಬಲ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಡುವಿನ ಅಳತೆಗಳನ್ನೆಲ್ಲ ಕೈಬಿಡಿಸುತ್ತದೆ.