‘ಸ್ಮಾಲ್ ಐಲ್ಯಾಂಡ್’: ರಂಗಕ್ಕೆ ಬಾರದ ಕಲ್ಕತ್ತಾ

ದೂರದ ಊರಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಗಿಲ್ಬರ್ಟ್ ಗೊತ್ತಿರುವವನೇ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಗೆ ದುಡಿದ ಜಮೈಕಾದ ಕಪ್ಪು ಯುವಕ. 1948ರಲ್ಲಿ ಮತ್ತೆ ಲಂಡನ್ನಿಗೆ ಬಂದಾಗ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಕೊನೆಗೆ ಕೋಣೆ ಕೊಡುವವಳು ಕ್ವೀನಿ ಎಂಬ ಬಿಳಿ ಹೆಂಗಸು.

ಆಂಡ್ರಿಯಾ ಲೆವಿಯವರ 2004ರ ಈ ಕಾದಂಬರಿಯನ್ನು ಹೆಲೆನ್ ಎಡ್ಮಂಡ್ಸನ್ ನಾಟಕವಾಗಿಸಿದರು. ರೂಫಸ್ ನಾರಿಸ್ ನಿರ್ದೇಶನದಲ್ಲಿ 2019ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಆಡಿದ ಇದನ್ನು ಅದೇ ವರ್ಷ ಜೂನ್‌ನಲ್ಲಿ ಚಿತ್ರಮಂದಿರಗಳಿಗೂ ಪ್ರಸಾರ ಮಾಡಿದರು. 2020ರ ಲಾಕ್‌ಡೌನಿನಲ್ಲಿ ಒಂದು ವಾರ ಯೂಟ್ಯೂಬಿನಲ್ಲಿ ಉಚಿತವಾಗಿ ಸಿಕ್ಕಿತು. ಲಂಡನ್ ಟಿಕೆಟ್ಟಿನ ಆಸೆ ಇಟ್ಟುಕೊಳ್ಳದ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಕ್ಯಾಮೆರಾ ಕೊಡುವುದೂ ಉಂಟು, ಕಸಿಯುವುದೂ ಉಂಟು. ಗಿಲ್ಬರ್ಟನ ಹೆಂಡತಿ ಹಾರ್ಟೆನ್ಸ್ ಓದಿದವಳು, ಟೀಚರು, ತನ್ನ ಇಂಗ್ಲಿಷಿನ ಬಗ್ಗೆ ಹೆಮ್ಮೆಯವಳು. ಲಂಡನ್ ಅವಳನ್ನು ಬೇಡವೆಂದಾಗ ಲಿಯಾ ಹಾರ್ವಿಯ ಮುಖದಲ್ಲಿ ಆಗುವ ಬದಲಾವಣೆ ಹಿಂದಿನ ಸಾಲಿನ ಪ್ರೇಕ್ಷಕರಿಗೆ ಕಾಣಲಾರದು, ನಮಗೆ ಕಾಣುತ್ತದೆ. ಆದರೆ ವಿಂಡ್‌ರಶ್ ಹಡಗು ಹತ್ತುವ ಜನರ ನೆರಳಿನ ಸಾಲು ಅಷ್ಟು ದೊಡ್ಡ ರಂಗದ ಮೇಲೆ ಎದೆ ತುಂಬಬೇಕಿತ್ತು. ಪರದೆಯಲ್ಲಿ ಅದು ಬರೀ ಒಂದು ಚಂದದ ಚಿತ್ರ.

ನನ್ನ ತಕರಾರು ಬೇರೆ. ಕಾದಂಬರಿಯಲ್ಲಿ ಕಥೆ ಹೇಳುವವರು ನಾಲ್ವರು. ನಾಲ್ಕನೆಯವನು ಕ್ವೀನಿಯ ಗಂಡ ಬರ್ನಾರ್ಡ್. ಯುದ್ಧ ಅವನನ್ನು ಭಾರತಕ್ಕೆ, ಬರ್ಮಾದ ಕಡೆಗೆ ತರುತ್ತದೆ. ಕಲ್ಕತ್ತಾದ ಹಿಂದೂ-ಮುಸ್ಲಿಂ ಗಲಭೆಯ ನೆತ್ತರನ್ನೂ ಅವನು ಕಾಣುತ್ತಾನೆ. ನಾಟಕ ಅವನ ಈ ಭಾಗವನ್ನು ಕೈಬಿಟ್ಟಿದೆ. ಮೂರು ಗಂಟೆಯ ನಾಟಕ, ಏನನ್ನಾದರೂ ಬಿಡಲೇಬೇಕು, ಸರಿ. ಆದರೆ ಬಿಟ್ಟದ್ದು ನಮ್ಮ ನೆಲವನ್ನೇ!

ಇದು ಬರೀ ಅಭಿಮಾನದ ಮಾತಲ್ಲ. ಇಬ್ಬರೂ ಒಂದೇ ಸಾಮ್ರಾಜ್ಯಕ್ಕಾಗಿ ಒಂದೇ ಯುದ್ಧ ಮಾಡಿದವರಲ್ಲವೇ, ಮತ್ತೆ ನೀನು ಹೇಗೆ ಮೇಲು ಅನ್ನುವುದೇ ಕೊನೆಗೆ ಗಿಲ್ಬರ್ಟ್ ಬರ್ನಾರ್ಡನಿಗೆ ಹಾಕುವ ಸವಾಲು. ಬರ್ನಾರ್ಡನ ಯುದ್ಧವನ್ನೇ ನಾವು ನೋಡಿಲ್ಲ ಎಂದಾದರೆ ಈ ಮಾತಿಗೆ ಅರ್ಧ ಬಲ. ಮನುಷ್ಯರ ಮೇಲೆ ಯಜಮಾನಿಕೆ ಮಾಡುವುದನ್ನು ಅವನು ಎಲ್ಲಿ ಕಲಿತ, ಎಲ್ಲಿ ಹೆದರಿದ, ಎಲ್ಲಿ ಮುರಿದ ಎಂಬುದು ತಿಳಿಯದೆ ಅವನು ಬರೀ ಕೆಟ್ಟವನಾಗಿ ಉಳಿಯುತ್ತಾನೆ. ಕೆಟ್ಟವನನ್ನು ಬೈದು ಮನೆಗೆ ಹೋಗುವುದು ಸುಲಭ. ಲೆವಿ ಅಷ್ಟು ಸುಲಭಕ್ಕೆ ಬಿಟ್ಟವರಲ್ಲ.

ಆದರೂ ನೋಡಿ. ವಲಸೆ ಬಂದವರ ಮರ್ಯಾದೆ ಏನೆಂದು ಹಾರ್ಟೆನ್ಸ್ ತೋರಿಸುತ್ತಾಳೆ. ಕಲ್ಕತ್ತಾಕ್ಕೆ ಮಾತ್ರ ಪುಸ್ತಕವನ್ನೇ ತೆರೆಯಬೇಕು.